ಡ್ರಮ್ ತುಂಬಿಸಿದ ಮಾತ್ರಕ್ಕೆ ಮುಗಿಯಲಿಲ್ಲ: ನೀರು ಕೆಡದಂತೆ ಇಡುವುದು ಹೇಗೆ?

ನೀರು ಬರುವುದಿಲ್ಲವಂತೆ ಅನ್ನುವ ಸುದ್ದಿ ಕಿವಿಗೆ ಬಿದ್ದರೆ ಸಾಕು, ಮನೆಯಲ್ಲಿರುವ ಪಾತ್ರೆಗಳೆಲ್ಲ ನಲ್ಲಿಯ ಮುಂದೆ ಸಾಲುಗಟ್ಟುತ್ತವೆ. ಬಕೆಟ್, ಕೊಡ, ಮೂಲೆಯಲ್ಲಿ ಬಿದ್ದಿದ್ದ ಹಳೆ ಡ್ರಮ್, ಮಗುವಿನ ಸ್ನಾನದ ಟಬ್ಬು. ಎಲ್ಲ ತುಂಬಿತು, ಸಮಾಧಾನವೂ ಆಯಿತು. ನಾಲ್ಕೈದು ದಿನ ಕಳೆದು ಮುಚ್ಚಳ ತೆಗೆದರೆ ಗಬ್ಬು ವಾಸನೆ. ಒಳಗೆ ಕೈಯಾಡಿಸಿದರೆ ಲೋಳೆ. ನಿಜವಾದ ಕಷ್ಟ ಶುರುವಾಗುವ ಹೊತ್ತಿಗೆ ಕೂಡಿಟ್ಟ ನೀರೆಲ್ಲ ಚರಂಡಿ ಪಾಲು. ಎಷ್ಟೋ ಮನೆಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿ ಈ ಲೇಖನ ಬರೆಯುತ್ತಿದ್ದೇನೆ. ತುಂಬಿಸುವುದು ಯಾರಿಗಾದರೂ ಬರುತ್ತದೆ. ತುಂಬಿಸುವ ಮುಂಚಿನ ಕೆಲಸದಲ್ಲೇ ಎಲ್ಲರೂ ಎಡವುವುದು.

1. ಎಷ್ಟು ಬೇಕು?

ವಿಪತ್ತಿನ ಸಮಯದಲ್ಲಿ ನೆರವು ಕೊಡುವವರು ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ಅದರಲ್ಲಿ ಕುಡಿಯಲು ಸುಮಾರು 3 ಲೀಟರ್, ಅಡುಗೆಗೆ ಕನಿಷ್ಠ 3 ಲೀಟರ್. ಉಳಿದದ್ದು ತೊಳೆಯುವುದಕ್ಕೆ, ಬಳಿಯುವುದಕ್ಕೆ. ಅಂದರೆ ನಾಲ್ಕು ಜನರ ಮನೆಗೆ ದಿನಕ್ಕೆ 60 ಲೀಟರ್ ಬೇಕಾದರೂ, ಬಾಯಿಗೆ ಹೋಗುವುದು 24 ಲೀಟರ್ ಮಾತ್ರ. ಒಂದು ವಾರಕ್ಕೆ 168 ಲೀಟರ್. 200 ಲೀಟರಿನ ಒಂದೇ ಡ್ರಮ್ಮಿನಲ್ಲಿ ಹಿಡಿಯುತ್ತದೆ.

ಈ ಲೆಕ್ಕ ಮಾಡದವರು ಎಲ್ಲ ನೀರನ್ನೂ ಒಂದೇ ತರಹ ನೋಡುತ್ತಾರೆ. ಬೇಡ. ಬಾಯಿಗೆ ಹೋಗುವ ನೀರಿಗೆ ಒಂದು ಡ್ರಮ್, ಉಳಿದ ಕೆಲಸಕ್ಕೆ ಬೇರೆ ಡ್ರಮ್. ಮುಂದೆ ಹೇಳುವ ಕಟ್ಟುನಿಟ್ಟೆಲ್ಲ ಮೊದಲನೆಯದಕ್ಕೆ. ಎರಡನೆಯದಕ್ಕೆ ಮುಚ್ಚಳ ಗಟ್ಟಿಯಿದ್ದರೆ ಸಾಕು.

2. ಯಾವ ಪಾತ್ರೆ?

ಆಹಾರ ತುಂಬಲು ಯೋಗ್ಯ ಎಂದು ನಮೂದಿಸಿರುವ ಎಚ್‌ಡಿಪಿಇ ಪ್ಲಾಸ್ಟಿಕ್ಕಿನ ಡ್ರಮ್ ಅಥವಾ ಕ್ಯಾನ್ ತೆಗೆದುಕೊಳ್ಳಿ. ತಳದಲ್ಲಿ ತ್ರಿಕೋನದೊಳಗೆ 2 ಎಂಬ ಅಂಕಿ ಇರುತ್ತದೆ. ಆ ಅಂಕಿ ಹೇಳುವುದು ಯಾವ ಪ್ಲಾಸ್ಟಿಕ್ ಎಂದು ಮಾತ್ರ. ಅದರಲ್ಲಿ ಮೊದಲು ಏನು ತುಂಬಿದ್ದರು ಎಂದು ಹೇಳುವುದಿಲ್ಲ. ಬಣ್ಣ, ಕೀಟನಾಶಕ, ಎಂಜಿನ್ ಆಯಿಲ್, ಇಂಥವು ತುಂಬಿದ್ದ ಡ್ರಮ್ಮನ್ನು ಎಷ್ಟೇ ತೊಳೆದುಕೊಟ್ಟರೂ ಕುಡಿಯುವ ನೀರಿಗೆ ಬೇಡವೇ ಬೇಡ. ಪ್ಲಾಸ್ಟಿಕ್ ಅದನ್ನೆಲ್ಲ ಹೀರಿಕೊಂಡಿರುತ್ತದೆ. ಮೂಗಿಗೆ ವಾಸನೆ ಬಡಿಯುವ ಅಗ್ಗದ ಬಣ್ಣದ ಡ್ರಮ್ಮುಗಳನ್ನಂತೂ ನಾನು ಫ್ಲಶ್ಶಿನ ನೀರಿಗೆ ಮಾತ್ರ ಇಡುತ್ತೇನೆ.

ಕೆಳಗೆ ನಲ್ಲಿ ಇರುವ ಪಾತ್ರೆ ಸಿಕ್ಕರೆ ಎರಡು ಕಾಸು ಜಾಸ್ತಿ ಹೋದರೂ ಅದನ್ನೇ ಕೊಳ್ಳಿ. ಯಾಕೆ ಎಂದು ಆಮೇಲೆ ಹೇಳುತ್ತೇನೆ.

3. ತೊಳೆಯುವುದು: ಎಲ್ಲರೂ ಕೆಡಿಸುವ ಹಂತ

ಸಾಮಾನ್ಯವಾಗಿ ನಡೆಯುವುದು ಹೀಗೆ. ಡ್ರಮ್ಮಿಗೆ ಎರಡು ಮಗ್ ನೀರು ಹಾಕಿ, ಅಲ್ಲಾಡಿಸಿ, ಚೆಲ್ಲಿ, ಮತ್ತೆ ತುಂಬಿಸುವುದು. ಇದಕ್ಕೆ ತೊಳೆಯುವುದು ಅನ್ನಬಾರದು, ಒದ್ದೆ ಮಾಡುವುದು ಅನ್ನಬೇಕು. ಒಳಗೋಡೆಗೆ ಅಂಟಿದ ಲೋಳೆ ನೀರಿನ ಅಲ್ಲಾಟಕ್ಕೆ ಬಿಡುವುದಿಲ್ಲ. ಕಣ್ಣಿಗೂ ಕಾಣುವುದಿಲ್ಲ. ರೋಗಾಣುಗಳು ಅದರೊಳಗೆ ಬೆಚ್ಚಗೆ ಕುಳಿತಿರುತ್ತವೆ. ನೀವು ಹಾಕುವ ಕ್ಲೋರಿನ್ ಮೊದಲು ಆ ಲೋಳೆಯ ಮೇಲೆಯೇ ಖರ್ಚಾಗಿಹೋಗುತ್ತದೆ, ನೀರಿಗೆ ಉಳಿಯುವುದು ಅಷ್ಟಕ್ಕಷ್ಟೆ.

ಹಾಗಾಗಿ ಡ್ರಮ್ಮನ್ನು ಅಡ್ಡ ಮಲಗಿಸಿ. ಪಾತ್ರೆ ತೊಳೆಯುವ ಸಾಬೂನು, ಉದ್ದ ಹಿಡಿಯ ಬ್ರಷ್, ಸ್ವಲ್ಪ ನೀರು. ತಳ, ಗೋಡೆ, ಮೂತಿಯ ಒಳಸುತ್ತು, ಎಲ್ಲ ಕಡೆ ಉಜ್ಜಿ. ಸ್ಟೀಲಿನ ಉಜ್ಜುವ ನಾರು ಬೇಡ. ಪ್ಲಾಸ್ಟಿಕ್ಕಿನ ಮೇಲೆ ಗೀರು ಬೀಳುತ್ತದೆ, ಮುಂದಿನ ಸಲ ಲೋಳೆ ಆ ಗೀರಿನೊಳಗೇ ಮನೆ ಮಾಡುತ್ತದೆ. ಬ್ರಷ್ ಕೂಡ ಹೊಸದಿರಲಿ. ಶೌಚಾಲಯದ ಬ್ರಷ್ಷನ್ನೇ "ಚೆನ್ನಾಗಿ ತೊಳೆದು" ತಂದವರನ್ನು ಕಂಡಿದ್ದೇನೆ, ಏನು ಹೇಳುವುದು.

ಉಜ್ಜಿದ ಮೇಲೆ ಬೆರಳಿನಿಂದ ಪರೀಕ್ಷೆ ಮಾಡಿ. ಮೂತಿಯ ಅಂಚಿನ ಒಳಭಾಗದಲ್ಲಿ, ಗೋಡೆ ಬಾಗುವ ಕಡೆ ಬೆರಳು ಎಳೆಯಿರಿ. ಸ್ವಚ್ಛವಾಗಿದ್ದರೆ ಬೆರಳು ಕಿರ್ ಎಂದು ತಡೆಯುತ್ತದೆ. ಜಾರಿದರೆ ಮತ್ತೆ ಉಜ್ಜಿ. ಮುಚ್ಚಳದ ರಬ್ಬರ್ ಉಂಗುರ ಬಿಚ್ಚಿ ಅದರ ಹಿಂದೆ ನೋಡಿ. ಕಪ್ಪು ಗೆರೆ ಸಾಮಾನ್ಯವಾಗಿ ಅಲ್ಲೇ ಕೂತಿರುತ್ತದೆ. ತಿರುಪಿನ ಗೆರೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸರಿ. ನಲ್ಲಿ ಇದ್ದರೆ ಅದನ್ನೂ ಬಿಚ್ಚಿ ತೊಳೆಯಿರಿ. ನೊರೆ ಪೂರ್ತಿ ಹೋಗುವವರೆಗೆ ಜಾಲಾಡಿ.

ಇನ್ನೂ ಮುಗಿದಿಲ್ಲ. ಕೊಳೆ ಹೋಯಿತು, ರೋಗಾಣು ಹೋಗಬೇಕು. ಒಂದು ಲೀಟರ್ ನೀರಿಗೆ ಒಂದು ಟೀ ಚಮಚದಂತೆ, ಸುವಾಸನೆ ಬೆರೆಸದ ದ್ರವ ಬ್ಲೀಚ್ ಸೇರಿಸಿ. 200 ಲೀಟರಿನ ಡ್ರಮ್ಮಿಗೆ ಇಂಥ ನೀರು 5 ಲೀಟರ್ ಸಾಕು. ಮುಚ್ಚಳ ಹಾಕಿ, ಡ್ರಮ್ಮನ್ನು ಉರುಳಿಸಿ. ತಲೆಕೆಳಗೂ ಮಾಡಿ, ಮುಚ್ಚಳದ ಒಳಗೂ ತಾಗಲಿ. ನಲ್ಲಿ ತಿರುಗಿಸಿ ಅದರ ಮೂಲಕವೂ ಸ್ವಲ್ಪ ಹರಿಸಿ. ಪ್ರತಿಯೊಂದು ಜಾಗ ಕನಿಷ್ಠ 30 ಸೆಕೆಂಡ್ ಒದ್ದೆಯಾಗಿರಬೇಕು. ಆಮೇಲೆ ಶುದ್ಧ ನೀರಿನಲ್ಲಿ ಜಾಲಾಡಿ. ಜಾಲಾಡಿದ ನೀರನ್ನು ಬಕೆಟ್ಟಿಗೆ ಹಿಡಿದಿಟ್ಟರೆ ಫ್ಲಶ್ಶಿಗೆ ಆಯಿತು.

ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ಲೀಚನ್ನು ಶೌಚಾಲಯ ತೊಳೆಯುವ ಆಸಿಡ್ಡಿನ ಜೊತೆ, ವಿನೆಗರ್ ಜೊತೆ, ಅಮೋನಿಯ ಇರುವ ಕ್ಲೀನರ್ ಜೊತೆ ಯಾವತ್ತೂ ಬೆರೆಸಬಾರದು. ವಿಷದ ಗಾಳಿ ಏಳುತ್ತದೆ. "ಎರಡೂ ಹಾಕಿದರೆ ಜಾಸ್ತಿ ಬೆಳ್ಳಗಾಗುತ್ತೆ ಅಲ್ವಾ" ಅನ್ನುವ ಮಾತೇ ಬೇಡ.

4. ಕ್ಲೋರಿನ್ ಅಳತೆ

ನಿಮ್ಮ ನಲ್ಲಿಯ ನೀರಿಗೆ ಮೊದಲೇ ಕ್ಲೋರಿನ್ ಸೇರಿಸಿ ಬಿಡುತ್ತಿದ್ದರೆ, ಡ್ರಮ್ ಮೇಲೆ ಹೇಳಿದಂತೆ ತೊಳೆದಿದ್ದರೆ, ಮುಚ್ಚಳ ಭದ್ರವಾಗಿದ್ದರೆ, ಮತ್ತೇನೂ ಹಾಕಬೇಕಿಲ್ಲ. ಬಾವಿ, ಕೊಳವೆಬಾವಿ, ಟ್ಯಾಂಕರ್ ನೀರಾದರೆ ಹಾಕಲೇಬೇಕು.

ಬ್ಲೀಚಿಂಗ್ ಪೌಡರನ್ನು ಚಿಟಿಕೆ ಲೆಕ್ಕದಲ್ಲಿ ನೇರವಾಗಿ ಡ್ರಮ್ಮಿಗೆ ಉದುರಿಸುವುದು ಎಲ್ಲೆಡೆ ಕಾಣುವ ತಪ್ಪು. ಗಂಟು ತಳಕ್ಕೆ ಹೋಗಿ ಕೂರುತ್ತದೆ. ಮೇಲಿನ ನೀರಿಗೆ ಏನೂ ತಾಗಿರುವುದಿಲ್ಲ, ಕೆಳಗಿನ ನೀರು ಬಾಯಿಗಿಡಲಾಗದು. ಮೊದಲು ದ್ರಾವಣ ಮಾಡಿಕೊಳ್ಳಿ. ಪೊಟ್ಟಣದ ಮೇಲೆ ಕ್ಲೋರಿನ್ ಪ್ರಮಾಣ ಬರೆದಿರುತ್ತದೆ. ಶೇ 33 ಇದ್ದರೆ 30 ಗ್ರಾಂ, ಶೇ 25 ಇದ್ದರೆ 40 ಗ್ರಾಂ ಪುಡಿ ತೂಗಿಕೊಳ್ಳಿ. ಪ್ಲಾಸ್ಟಿಕ್ ಪಾತ್ರೆಯಲ್ಲಿ ಸ್ವಲ್ಪವೇ ನೀರು ಹಾಕಿ ಗಂಟಿಲ್ಲದಂತೆ ಕಲಸಿ. ಆಮೇಲೆ ನೀರು ಸೇರಿಸುತ್ತ ಒಂದು ಲೀಟರ್ ಮಾಡಿ, ಕದಡಿ, ಒಂದು ಗಂಟೆ ಬಿಡಿ. ಬಿಳಿ ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿ, ಬೆಳಕು ತೂರದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ಇದು ಶೇ 1ರ ದ್ರಾವಣ. ಮೇಲೆ ದೊಡ್ಡದಾಗಿ ಹೆಸರು, ತಾರೀಕು ಬರೆಯಿರಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ವಾರ ಕಳೆದರೆ ಹೊಸದು ಮಾಡಿ. ಈ ಕೆಲಸವನ್ನು ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡು ಮಾಡಿ. ಸ್ಟೀಲ್ ಪಾತ್ರೆ ಬೇಡ, ಕ್ಲೋರಿನ್ ಲೋಹವನ್ನು ತಿನ್ನುತ್ತದೆ.

ತಿಳಿಯಾದ ನೀರಿಗೆ ಈ ದ್ರಾವಣ 20 ಲೀಟರಿಗೆ 4 ಮಿ.ಲೀ., 200 ಲೀಟರಿಗೆ 40 ಮಿ.ಲೀ. ಸೂಜಿ ಇಲ್ಲದ ಸಿರಿಂಜ್ ಇದ್ದರೆ ಅಳತೆ ಸಲೀಸು. ಡ್ರಮ್ ಅರ್ಧ ತುಂಬಿದಾಗ ಹಾಕಿ. ಮಿಕ್ಕ ನೀರು ಬೀಳುವಾಗ ತಾನೇ ಬೆರೆಯುತ್ತದೆ. ನೀರು ಕಲಕಾಗಿದ್ದರೆ ಮೊದಲು ಹಾಗೇ ಬಿಟ್ಟು, ಗಸಿ ಇಳಿದ ಮೇಲೆ ದಪ್ಪ ಹತ್ತಿಬಟ್ಟೆಯನ್ನು ಮಡಿಸಿ ಸೋಸಿ. ಆಮೇಲೂ ಮಬ್ಬಾಗಿದ್ದರೆ ಅಳತೆ ದುಪ್ಪಟ್ಟು ಮಾಡಿ.

ಬೆರೆಸಿ 30 ನಿಮಿಷ ಮುಚ್ಚಿಡಿ. ನಂತರ ಮೂಗು ಹತ್ತಿರ ತಂದರೆ ಕ್ಲೋರಿನ್ನಿನ ತೆಳುವಾದ ವಾಸನೆ ಇರಬೇಕು. ಇಲ್ಲವಾದರೆ ಅಷ್ಟೇ ಅಳತೆ ಇನ್ನೊಮ್ಮೆ ಹಾಕಿ 15 ನಿಮಿಷ ಕಾಯಿರಿ. ಆಗಲೂ ವಾಸನೆ ಇಲ್ಲವೆಂದರೆ ಆ ನೀರನ್ನು ತೊಳೆಯುವ ಕೆಲಸಕ್ಕೆ ಬಿಡಿ.

ಕೈಯಲ್ಲಿರುವುದು ಶೇ 5–6ರ ದ್ರವ ಬ್ಲೀಚ್ ಮಾತ್ರವೇ? ಲೀಟರಿಗೆ 2 ಹನಿ. ಇದು ಎಲ್ಲಿಯದೋ ಗೊತ್ತಿಲ್ಲದ ನೀರಿಗೆ ಹೇಳುವ ತುರ್ತಿನ ಅಳತೆ, ಹಾಗಾಗಿ ವಾಸನೆ ಕೊಂಚ ಜೋರಾಗಿಯೇ ಇರುತ್ತದೆ. ನಿಂಬೆ, ಹೂವು ಎಂದು ಪರಿಮಳ ಬೆರೆಸಿದ ಬ್ಲೀಚ್ ನೆಲಕ್ಕೆ ಮಾತ್ರ. ಹಳೆ ಬಾಟಲಿಯನ್ನೂ ನಂಬಬೇಡಿ, ಇಟ್ಟಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಇದೆಲ್ಲ ರಗಳೆ ಅನ್ನುವವರಿಗೆ ಕ್ಲೋರಿನ್ ಮಾತ್ರೆ ಇದೆ. ಪಟ್ಟಿಯ ಮೇಲೆ ಬರೆದಂತೆ ಹಾಕಿದರೆ ಆಯಿತು. ನನ್ನ ಕೇಳಿದರೆ ಸಣ್ಣ ಮನೆಗೆ ಅದೇ ಸರಿ. "ಶಕ್ತಿ ತುಂಬಿದ ಕಲ್ಲು", ಅಯಸ್ಕಾಂತದ ಕಡ್ಡಿ ಇತ್ಯಾದಿಗೆ ಮಾತ್ರ ದುಡ್ಡು ಸುರಿಯಬೇಡಿ.

ಕ್ಲೋರಿನ್ನಿಗೆ ಬಗ್ಗದ ಕೆಲವು ಪರಾವಲಂಬಿಗಳೂ ಇವೆ. ಅನುಮಾನ ಇದ್ದರೆ ಕುಡಿಯುವ ಮುಂಚೆ ಕುದಿಸಿ. ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ, 2000 ಮೀಟರಿಗಿಂತ ಎತ್ತರದ ಜಾಗವಾದರೆ 3 ನಿಮಿಷ. ಹತ್ತು ನಿಮಿಷ ಕುದಿಸುವುದು ಗ್ಯಾಸ್ ದಂಡ. ಫ್ಲೋರೈಡ್, ಆರ್ಸೆನಿಕ್, ಉಪ್ಪಿನಂಶಕ್ಕೆ ಕುದಿಸುವುದೂ ಮದ್ದಲ್ಲ, ಕ್ಲೋರಿನ್ನೂ ಮದ್ದಲ್ಲ.

ಇನ್ನೊಂದು ವಿಷಯ. ಮನೆಯ ಫಿಲ್ಟರಿನಿಂದ ಬಂದ "ಪ್ಯೂರ್" ನೀರು ಜಾಸ್ತಿ ದಿನ ಇರುತ್ತದೆ ಎಂದು ಅದನ್ನೇ ಡ್ರಮ್ಮಿಗೆ ತುಂಬುವವರಿದ್ದಾರೆ. ಫಿಲ್ಟರಿನೊಳಗಿನ ಇದ್ದಿಲು ಕ್ಲೋರಿನ್ನನ್ನು ತೆಗೆದುಹಾಕಿರುತ್ತದೆ. ಕಾವಲು ಇಲ್ಲದ ಆ ನೀರು ಬೇಗ ಕೆಡುತ್ತದೆ. ಫಿಲ್ಟರ್ ಮಾಡುವುದಿದ್ದರೆ ಡ್ರಮ್ಮಿನಿಂದ ತೆಗೆದ ಮೇಲೆ, ಆಯಾ ದಿನಕ್ಕೆ ಬೇಕಾದಷ್ಟು.

5. ಎಲ್ಲಿ ಇಡುವುದು?

ನೆರಳಲ್ಲಿ. ಬೆಳಕು ಬಿದ್ದರೆ ಪಾಚಿ. ಪೆಟ್ರೋಲ್, ಕೀಟನಾಶಕದ ಹತ್ತಿರ ಬೇಡ. 200 ಲೀಟರ್ ಅಂದರೆ 200 ಕೆ.ಜಿ., ಬಾಲ್ಕನಿಯಲ್ಲಿ ಸಾಲಾಗಿ ನಿಲ್ಲಿಸುವ ಮುಂಚೆ ಯೋಚಿಸಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ತೆರೆದ ಬಕೆಟ್ಟೂ ಅಪಾಯವೇ.

6. ತೆಗೆಯುವುದು

ನಲ್ಲಿ ಇರುವ ಪಾತ್ರೆ ಕೊಳ್ಳಿ ಅಂದಿದ್ದು ಇದಕ್ಕೇ. ಚೊಂಬು ಮುಳುಗಿಸಿ ತೆಗೆಯುವಾಗ ಬೆರಳು ನೀರಿಗೆ ತಾಗುತ್ತದೆ. ಆ ಚೊಂಬನ್ನು ಎಲ್ಲೋ ಇಟ್ಟು, ಮತ್ತೆ ಅದನ್ನೇ ಮುಳುಗಿಸುತ್ತೇವೆ. ಇಷ್ಟೊತ್ತು ಪಟ್ಟ ಪಾಡೆಲ್ಲ ಅಲ್ಲಿಗೆ ಮುಗಿಯಿತು. ನಲ್ಲಿ ಇಲ್ಲದಿದ್ದರೆ ಉದ್ದ ಹಿಡಿಯ ಸೌಟು ಒಂದನ್ನು ಅದಕ್ಕೇ ಮೀಸಲಿಟ್ಟು ಗೋಡೆಗೆ ತೂಗುಹಾಕಿ. ಕ್ಯಾನ್‌ಗಳ ಮೇಲೆ ತಾರೀಕು ಬರೆಯಿರಿ, ಹಳೆಯದು ಮೊದಲು ಖರ್ಚಾಗಲಿ. ಭದ್ರವಾಗಿ ಮುಚ್ಚಿ ಎತ್ತಿಟ್ಟ ನೀರನ್ನು ಆರು ತಿಂಗಳಿಗೊಮ್ಮೆ ಬದಲಿಸಿ.

ದಿನಾ ತೆರೆಯುವ ಡ್ರಮ್ಮಿಗೆ ಸೊಳ್ಳೆಯ ಕಾಟವೂ ಇದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಇಂಥ ತಿಳಿನೀರೇ ಬೇಕು. ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗೋಡೆಗೆ ಅಂಟಿಸಿ. ನೀರು ಚೆಲ್ಲಿದರೂ ಅವು ಅಲ್ಲೇ ಇರುತ್ತವೆ, ಒಣಗಿ ತಿಂಗಳುಗಟ್ಟಲೆ ಬದುಕುತ್ತವೆ. ಮತ್ತೆ ನೀರು ತಾಗಿದರೆ ಮರಿ. ಅದಕ್ಕೇ ವಾರಕ್ಕೊಮ್ಮೆ ಖಾಲಿ ಮಾಡಿ, ಗೋಡೆ ಉಜ್ಜಬೇಕು.

7. ಇದ್ದದ್ದನ್ನು ಎಳೆಯುವುದು

ಸೋರುವ ನಲ್ಲಿಯ ಕೆಳಗೆ ಒಂದು ರಾತ್ರಿ ಪಾತ್ರೆ ಇಟ್ಟು ನೋಡಿ. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 20 ಲೀಟರಿಗೂ ಜಾಸ್ತಿ. ನಾಲ್ಕು ಜನ ಕುಡಿಯುವಷ್ಟು ನೀರು ಸುಮ್ನೆ ಹೋಗುತ್ತಿರುತ್ತದೆ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ, ಅರ್ಧ ಗಂಟೆ ಮುಟ್ಟದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ವಾಷರ್ ಹೋಗಿದೆ ಎಂದರ್ಥ.

ತರಕಾರಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಾಡಿದ ನೀರು ನೆಲ ಒರೆಸಲು ಅಥವಾ ಫ್ಲಶ್ಶಿಗೆ. ಬಳಸಿದ ನೀರನ್ನು ಒಂದು ದಿನಕ್ಕಿಂತ ಜಾಸ್ತಿ ಕೂಡಿಡಬೇಡಿ, ನಾರುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಉಪ್ಪಿನಂಶ ಜಾಸ್ತಿ, ಕುಂಡದ ಗಿಡಕ್ಕೆ ದಿನಾ ಹಾಕಬೇಡಿ. ತೀರಾ ತುರ್ತಾದರೆ ಗೀಸರಿನ ಒಳಗೂ ಹತ್ತಿಪ್ಪತ್ತು ಲೀಟರ್ ಇರುತ್ತದೆ. ಕರೆಂಟ್ ಆರಿಸಿ, ತಣ್ಣಗಾದ ಮೇಲೆ ಇಳಿಸಿಕೊಳ್ಳಿ. ಮತ್ತೆ ತುಂಬುವವರೆಗೆ ಸ್ವಿಚ್ ಮುಟ್ಟಬೇಡಿ.

ಕೊನೆಗೆ ನೀರು ಬಂತು ಎಂದು ಓಡಿಹೋಗಿ ಮೊದಲ ಬಕೆಟ್ಟನ್ನೇ ಕುಡಿಯುವ ಡ್ರಮ್ಮಿಗೆ ಸುರಿಯಬೇಡಿ. ಖಾಲಿ ಬಿದ್ದಿದ್ದ ಪೈಪು ಬಿರುಕುಗಳಿಂದ ಹೊರಗಿನ ಕೊಳಕನ್ನು ಎಳೆದುಕೊಂಡಿರುತ್ತದೆ, ತುಕ್ಕೂ ಕಿತ್ತುಬರುತ್ತದೆ. ಬಣ್ಣ ತಿಳಿಯಾಗುವವರೆಗೆ ಬಂದದ್ದು ಫ್ಲಶ್ಶಿನ ಡ್ರಮ್ಮಿಗೆ ಹೋಗಲಿ. ವಾಷಿಂಗ್ ಮಷೀನ್ ಹಾಕುವುದಿದ್ದರೆ ಅದರ ಪೈಪಿನ ತುದಿಯ ಸಣ್ಣ ಜಾಲರಿ ಬಿಚ್ಚಿ ನೋಡಿ, ಮಣ್ಣು ಕಟ್ಟಿಕೊಂಡಿರುತ್ತದೆ.