ಹಳೆಯ ಮರಕ್ಕೆ ಮೊದಲು ಒಂದು ಬೇಸಿಗೆ ಕೊಡಿ

ಕೊಡಗಿನ ನಮ್ಮ ಐನ್‌ಮನೆಯ (ಕುಟುಂಬದ ಮೂಲಮನೆಯ) ಅಡುಗೆಕೋಣೆಯನ್ನು ಬಿಚ್ಚಿ ಹೊಸದಾಗಿ ಕಟ್ಟಿಸಿದ ವರ್ಷ, ಅಂಗಳದಲ್ಲಿ ರಾಶಿ ಬಿದ್ದಿದ್ದ ಬಾಗಿಲು, ಕಿಟಕಿ, ತೊಲೆ, ರೀಪುಗಳನ್ನು ಕೆಲಸದವರು ಸೌದೆ ಕೊಟ್ಟಿಗೆಗೆ ಸಾಗಿಸತೊಡಗಿದ್ದರು. ಆ ರಾಶಿಯಲ್ಲಿ ಹಲಸಿನ ಹಲಗೆಯೂ ಬೀಟೆಯ ಕಿಟಕಿ ಚೌಕಟ್ಟೂ ಇರುವುದು ಕಣ್ಣಿಗೆ ಬಿದ್ದು ನಾನು ತಡೆದೆ. ಅಂದು ಉಳಿಸಿಕೊಂಡ ಮರವೇ ಇಂದು ನಮ್ಮ ಮನೆಯಲ್ಲಿ ಕನ್ನಡಿಯ ಚೌಕಟ್ಟಾಗಿ, ತಟ್ಟೆ ಜೋಡಿಸುವ ಗೂಡಾಗಿ, ದೀಪದ ಪೀಠವಾಗಿ ಇದೆ. ಹಳೆಯ ಮರದಿಂದ ಮನೆಗೆ ಒಪ್ಪುವ ವಸ್ತು ಮಾಡಿಕೊಳ್ಳಬೇಕೆಂಬ ಆಸೆ ಈಗ ಅನೇಕರಲ್ಲಿ ಮೂಡಿರುವುದು ನನಗೆ ನಿಜವಾಗಿಯೂ ಸಂತೋಷ ತಂದಿದೆ. ಆದರೆ ಹೆಚ್ಚಿನವರು ಗರಗಸ ಹಿಡಿಯುವ ಆತುರದಲ್ಲಿ ಮರವನ್ನು ಒಣಗಿಸುವುದನ್ನೇ ಮರೆಯುತ್ತಾರೆ.

ನಾನೂ ಆ ತಪ್ಪು ಮಾಡಿದ್ದೇನೆ. ಒಂದು ಜುಲೈ ತಿಂಗಳಲ್ಲಿ, ಹೊರಗೆ ಬಿಡದೆ ಮಳೆ ಸುರಿಯುತ್ತಿದ್ದಾಗ, ಹಳೆಯ ಕಿಟಕಿಯ ಪಟ್ಟಿಗಳಿಂದ ಕನ್ನಡಿಗೆ ಚೌಕಟ್ಟು ಮಾಡಿದೆ. ನಾಲ್ಕು ಮೂಲೆಗಳೂ ಕೂದಲೆಳೆ ಹೋಗದಷ್ಟು ಚೆನ್ನಾಗಿ ಕೂಡಿಕೊಂಡಿದ್ದವು. ಜನವರಿಯ ಒಣ ಗಾಳಿ ಬೀಸಿದಾಗ ಅವೇ ಮೂಲೆಗಳು ಮೊಳೆಯ ತಲೆ ತೂರುವಷ್ಟು ಬಾಯಿ ಬಿಟ್ಟವು. ಮರ ನೂರು ವರ್ಷ ಹಳೆಯದಾದರೂ ನಮ್ಮ ಮಳೆಗಾಲದ ತೇವವನ್ನು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆದ್ದರಿಂದ ಬಿಚ್ಚಿದ ಹಲಗೆಗಳನ್ನು ನೆಲದಿಂದ ಒಂದಡಿ ಎತ್ತರದಲ್ಲಿ, ಒಂದರ ಮೇಲೊಂದು, ನಡುನಡುವೆ ಒಂದೇ ದಪ್ಪದ ರೀಪು ತುಂಡುಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ಜೋಡಿಸಿಡಿ. ಕಾಫಿ ಒಣಗಿಸುವ ಕಣದ ಸುಡುಬಿಸಿಲಿಗೆ ಹಾಕಿದರೆ ಸೀಳುತ್ತವೆ. ಡಿಸೆಂಬರ್‌ನಿಂದ ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗಿನ ಕಾಲ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹೊಸದಾಗಿ ಕಡಿದ ಹಸಿ ಮರವಾದರೆ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂದು ಬಡಗಿಗಳು ಲೆಕ್ಕ ಹಿಡಿಯುತ್ತಾರೆ.

ಜೋಡಿಸಿಡುವ ಮೊದಲು ಪ್ರತಿಯೊಂದು ತುಂಡನ್ನೂ ಕೈಯಲ್ಲಿ ಹಿಡಿದು ನೋಡಬೇಕು. ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಟೊಳ್ಳು ಶಬ್ದ ಬಂದರೆ ಒಳಗೆ ಗೆದ್ದಲು ತಿಂದಿದೆ ಎಂದು ತಿಳಿಯಿರಿ. ಮುರಿದ ಮೊಳೆಗಳು ಕಣ್ಣಿಗೆ ಕಾಣದಿರುವುದರಿಂದ ಒಂದು ಅಯಸ್ಕಾಂತವನ್ನು ಮೇಲೆಲ್ಲ ಆಡಿಸಿ. ಸಣ್ಣ ರಂಧ್ರಗಳಿದ್ದರೆ ಆ ಹಲಗೆಯನ್ನು ಕಪ್ಪು ಬಟ್ಟೆಯ ಮೇಲೆ ಕೆಲವು ದಿನ ಇಟ್ಟು, ಬಿಳಿಯ ಹಿಟ್ಟಿನಂತಹ ಪುಡಿ ಉದುರುತ್ತದೆಯೇ ಗಮನಿಸಿ. ಪುಡಿ ಉದುರಿದರೆ ಹುಳು ಇನ್ನೂ ಜೀವಂತವಾಗಿದೆ. ಒಂದು ಲೀಟರ್ ಬಿಸಿನೀರಿಗೆ 30 ಗ್ರಾಂ ಬಿಳಿಗಾರ (ಬೋರಾಕ್ಸ್), 20 ಗ್ರಾಂ ಬೋರಿಕ್ ಆಮ್ಲ ಕರಗಿಸಿ, ಕೈಗವಸು ಹಾಕಿಕೊಂಡು, ಬಣ್ಣವಿಲ್ಲದ ಮರಕ್ಕೆ ಎರಡು ಮೂರು ಸಲ ಧಾರಾಳವಾಗಿ ಬಳಿದು ಮತ್ತೆ ಒಣಗಿಸಬೇಕು. ಹೀಗೆ ಬಳಿದ ಮರವನ್ನು ಊಟದ ತಟ್ಟೆಗೂ ಮಕ್ಕಳ ಆಟಿಕೆಗೂ ಬಳಸಬೇಡಿ.

ಹಳೆಯ ಬಣ್ಣದ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವು 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಹಸಿರು, ಹಳದಿ ಬಣ್ಣದ ಬಾಗಿಲುಗಳನ್ನು ಒಣ ಮರಳು ಕಾಗದದಿಂದ ಉಜ್ಜಿದರೆ ಆ ಧೂಳು ಮನೆಯವರ, ಅದರಲ್ಲೂ ಚಿಕ್ಕ ಮಕ್ಕಳ, ಮೈ ಸೇರುತ್ತದೆ. ಮನೆಯ ಹೊರಗೆ, ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕಿ, ನೀರು ಚಿಮುಕಿಸಿ ತೇವದಲ್ಲೇ ಹೆರೆದು, ಸಿಪ್ಪೆಯನ್ನು ಕಾಗದದಲ್ಲಿ ಕಟ್ಟಿ ತೆಗೆಯಿರಿ. ಅದನ್ನು ಒಲೆಗೆ ಹಾಕಲೇಬಾರದು.

ತೋಟದಲ್ಲಿ ಕಿತ್ತ ಕಾಫಿ ಗಿಡಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಕೊಡಗಿನವರ ಕೈಗೆ ಇದಕ್ಕಿಂತ ಸುಲಭವಾಗಿ ಸಿಗುವ ಒಳ್ಳೆಯ ಮರ ಬೇರೆ ಇಲ್ಲ. ಹಳೆಯ ರೋಬಸ್ಟಾ ಕಾಫಿ ಗಿಡದ ಬುಡ ಬೇರುಸಹಿತ ಸಿಕ್ಕರೆ, ಅದನ್ನು ತಲೆಕೆಳಗು ಮಾಡಿ ನಿಲ್ಲಿಸಿ ಒಮ್ಮೆ ನೋಡಿ. ಬೇರುಗಳು ಮೇಲಕ್ಕೆ ಚಾಚಿ, ದೀಪ ಹಿಡಿದ ಕೈಗಳಂತೆ ಕಾಣುತ್ತವೆ. ಒಂದು ವಾರ ನೀರಿನಲ್ಲಿ ನೆನೆಸಿದರೆ ತೊಗಟೆ ಮೆತ್ತಗಾಗಿ, ಮೊಂಡು ಚಾಕುವಿನಿಂದಲೇ ಸುಲಿದು ಬರುತ್ತದೆ. ಬೇರಿನ ಸಂದಿಯ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೆಗೆಯಬೇಕು. ಒಳಗಿನ ಮರ ನಸುಹಳದಿ, ಬಲು ಗಟ್ಟಿ, ನಯವಾದ ಎಳೆಯದು. ಆದರೆ ಕಾಂಡದೊಳಗೆ ಕೊರೆಯುವ ಬಿಳಿ ಕಾಂಡಕೊರಕ ಹುಳು ಹತ್ತಿದ ಅರೇಬಿಕಾ ಕಾಫಿ ಗಿಡವನ್ನು ಚಂದವಿದೆಯೆಂದು ಹಾಗೇ ತಂದು ಜಗಲಿಯಲ್ಲಿಡಬೇಡಿ. ಒಳಗಿರುವ ಹುಳು ಏಪ್ರಿಲ್–ಮೇ ತಿಂಗಳಲ್ಲೋ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೋ ದುಂಬಿಯಾಗಿ ಹೊರಬಂದು ಪಕ್ಕದ ತೋಟಕ್ಕೆ ಹಾರುತ್ತದೆ. ಅಂತಹ ಕಾಂಡವನ್ನು ಸುಡುವುದೇ ಲೇಸು, ಉಳಿಸಿಕೊಳ್ಳುವುದಾದರೆ ವಾರ–ಹತ್ತು ದಿನ ನೀರಿನಲ್ಲಿ ಪೂರ್ತಿ ಮುಳುಗಿಸಿಡಬೇಕು.

ತೇಗ, ಬೀಟೆಗಳನ್ನು ಹೊರಗಿನಿಂದ ಕೊಂಡು ತರುವವರು ರಸೀದಿ ಪಡೆಯಿರಿ, ಸಾಗಿಸಲು ಏನು ಕಾಗದ ಬೇಕೆಂದು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ. ಹೊಳೆಯಲ್ಲಿ ತೇಲಿ ಬಂದ ದಿಮ್ಮಿ ಸಿಕ್ಕವರ ಸೊತ್ತಲ್ಲ ಎಂಬುದೂ ನೆನಪಿರಲಿ.

ಒಣಗಿದ ಮೇಲಿನ ಕೆಲಸ ಸುಲಭ. ಮರಳು ಕಾಗದವನ್ನು 80, 120, 220 ನಂಬರಿನ ಕ್ರಮದಲ್ಲಿ (ಒರಟಿನಿಂದ ನಯಕ್ಕೆ), ಎಳೆಯ ಉದ್ದಕ್ಕೇ ಉಜ್ಜಿರಿ. ಅಡ್ಡಡ್ಡ ಉಜ್ಜಿದರೆ ಗೀರು ಉಳಿಯುತ್ತದೆ. ಉಳಿಯ ಗುರುತು, ಹಳೆಯ ಮೊಳೆಯ ಕಪ್ಪು ಕಲೆ, ಒಲೆಯ ಹೊಗೆ ಹಿಡಿದ ಬಣ್ಣ ಇವನ್ನೆಲ್ಲ ತೆಗೆದುಹಾಕಿ ಹೊಳೆಯುವ ಪಾಲಿಷ್ ಮಾಡಿಸುವವರನ್ನು ಕಂಡರೆ ನನಗೆ ನೋವಾಗುತ್ತದೆ. ಅಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆಗೆ ಮೊದಲ ಸಲ ಸಮಪಾಲು ಟರ್ಪೆಂಟೈನ್ ಬೆರೆಸಿ ಬಟ್ಟೆಯಿಂದ ಹಚ್ಚಿ, ಕಾಲು ಗಂಟೆಯ ನಂತರ ಹೀರದೆ ಉಳಿದದ್ದನ್ನು ಒರೆಸಿ, ಮರುದಿನ ಬರಿಯ ಎಣ್ಣೆಯನ್ನು ತೆಳುವಾಗಿ ಹಚ್ಚಿದರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ, ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಅದನ್ನು ನೀರಿನಲ್ಲಿ ಅದ್ದಿ, ಹೊರಗೆ ಬಿಡಿಸಿ ಹರವಿ ಒಣಗಿಸಿ.

ಎಲ್ಲವನ್ನೂ ಕತ್ತರಿಸಬೇಕೆಂದಿಲ್ಲ. ನಮ್ಮ ಕೈಯಾಲೆಯ (ಮನೆಮುಂದಿನ ಜಗಲಿಯ) ಕಂಬಗಳ ನಡುವಿದ್ದ, ಕೂರಲು ಹಾಕಿದ ದಪ್ಪ ಹಲಗೆಯಾದ ಐಮರವನ್ನು ಮೂರು ತುಂಡು ಮಾಡಿ ಗೋಡೆಯ ಹಲಗೆ ಮಾಡೋಣವೆಂದು ಮಕ್ಕಳು ಕೇಳಿದಾಗ ನಾನು ಒಪ್ಪಲಿಲ್ಲ. ಹಿರಿಯರು ಕುಳಿತು ಕುಳಿತು ನಡುವೆ ಸವೆದ ಆ ಹಲಗೆ ಇಡಿಯಾಗಿಯೇ ಹೊಸ ಜಗಲಿಯ ಬೆಂಚಾಗಿ ಕೂತಿದೆ.

ಗೋಡೆಗೆ ತೂಗುಹಾಕುವ ಯಾವುದೇ ಮರದ ವಸ್ತುವಿನ ಹಿಂದೆ ನಾಲ್ಕು ರಬ್ಬರ್ ಬಿರಡೆ ಅಂಟಿಸಿ, ಗೋಡೆಗೂ ಅದಕ್ಕೂ ಅರ್ಧ ಇಂಚು ಗಾಳಿ ಬಿಡಿ. ಇಲ್ಲವಾದರೆ ಆಗಸ್ಟ್ ಹೊತ್ತಿಗೆ ಹಿಂಬದಿಯೆಲ್ಲ ಬೂಷ್ಟು ಹಿಡಿದಿರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿ, ಬೂಷ್ಟು ಕಂಡರೆ ಅಂಗಳಕ್ಕೆ ತಂದು ಬ್ರಷ್‌ನಿಂದ ತೆಗೆದು, ಬಿಸಿಲು ಬಿದ್ದ ದಿನ ಒಂದು ಗಂಟೆ ಹೊರಗಿಡಿ. ಎಣ್ಣೆ ಹಚ್ಚುವ ಕೆಲಸವನ್ನು ಜನವರಿಗೆ ಇಟ್ಟುಕೊಳ್ಳಿ.