ಹೋರ್ಡಿಂಗ್ ತೆರವು: ಖರ್ಚು ಬೀಳುವುದು ಎಲ್ಲೆಲ್ಲಿ

ಅನಧಿಕೃತ ಹೋರ್ಡಿಂಗ್ ಇಳಿಸುವ ಖರ್ಚೆಂದರೆ ಕ್ರೇನ್ ಬಾಡಿಗೆ ಎಂದೇ ಅಂದಾಜುಪಟ್ಟಿ ಬರೆಯುವವರು ಹಿಡಿಯುತ್ತಾರೆ. ಬೆಂಗಳೂರಿನಲ್ಲಿ ಈ ಕೆಲಸ ಮಾಡಿಸುವಾಗ ನಾವು ಪ್ರತಿ ಹೋರ್ಡಿಂಗಿಗೂ ಬೇರೆ ಕಡತ, ಬೇರೆ ಖರ್ಚಿನ ಪಟ್ಟಿ ಇಟ್ಟೆವು. ಹಣ ಸೋರುವ ಜಾಗ ಆಗ ಕಾಣತೊಡಗಿತು.

2018ರ ಆಗಸ್ಟಿನಲ್ಲಿ ಹೈಕೋರ್ಟ್ ಗದರಿದ ಮೇಲೆ ನಗರದ ಫ್ಲೆಕ್ಸುಗಳು ಬೇಗ ಇಳಿದವು, ಕಬ್ಬಿಣದ ಚೌಕಟ್ಟುಗಳು ಉಳಿದವು. ಬಟ್ಟೆ ಹರಿಯಲು ಇಬ್ಬರು ಆಳು, ಒಂದು ಏಣಿ ಸಾಕು, ಚೌಕಟ್ಟಿಗೆ ಹಾಗಲ್ಲ.

ಮೊದಲು ಸ್ಥಳ ತನಿಖೆ. ಹಲಗೆಯ ಉದ್ದಗಲ, ನೆಲದಿಂದ ಎತ್ತರ, ಎರಡೂ ದಿಕ್ಕಿನ ಫೋಟೊ, ಕಂಬ ಫುಟ್‌ಪಾತಿನಲ್ಲಿದೆಯೋ ಖಾಸಗಿ ನಿವೇಶನದಲ್ಲಿದೆಯೋ, ದೀಪದ ಮೀಟರಿನ ಆರ್‌ಆರ್ ನಂಬರ್. ಏಜೆನ್ಸಿಯ ಹೆಸರು ಅಳಿಸಿದ್ದರೂ ಕರೆಂಟ್ ಬಿಲ್ ಯಾರದೋ ಹೆಸರಿಗೆ ಬರಲೇಬೇಕು, ಹಾಗಾಗಿ ಈ ನಂಬರ್ ಬಿಡಬಾರದು. ನೋಟಿಸನ್ನು ನಿವೇಶನದ ಮಾಲೀಕ, ಏಜೆನ್ಸಿ ಇಬ್ಬರಿಗೂ ಕಳಿಸಿ, ಒಂದು ಪ್ರತಿಯನ್ನು ಕಂಬಕ್ಕೆ ಅಂಟಿಸಿ ಫೋಟೊ ತೆಗೆಯಬೇಕು. ಅಳತೆ ತಪ್ಪಿದರೆ ಅಥವಾ ಹೆಸರು ಬೇರೆಯಾದರೆ ತಡೆಯಾಜ್ಞೆ ಬರುತ್ತದೆ. ಕ್ರೇನ್ ಬರಿಗೈಲಿ ಹಿಂದಿರುಗಿದರೂ ಬಾಡಿಗೆ ಕೊಡಬೇಕು, ವಕೀಲರ ಶುಲ್ಕ ಅದರ ಮೇಲೆ. ನೋಟಿಸ್ ಹೊರಟ ದಿನವೇ ಕೋರ್ಟಿನಲ್ಲಿ ಕೇವಿಯಟ್, ಅಂದರೆ ನಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡಬೇಡಿ ಎಂಬ ಅರ್ಜಿ, ಹಾಕಿಬಿಡಿ. ಅದರ ಆಯಸ್ಸು 90 ದಿನ; ಅಷ್ಟರೊಳಗೆ ತೆರವು ಮುಗಿಯದಿದ್ದರೆ ಮತ್ತೆ ಹಾಕಬೇಕು.

ತೆರವಿನ ದಿನ ಮೊದಲು ಲೈನ್‌ಮನ್ ಕರೆಂಟ್ ಕಡಿಯಬೇಕು, ಆಮೇಲೆ ಫ್ಲೆಕ್ಸ್ ಬಿಚ್ಚಬೇಕು. 40×20 ಅಡಿಯ ಹಲಗೆಯೆಂದರೆ ಸುಮಾರು 74 ಚದರ ಮೀಟರ್. ಕಟ್ಟಡಗಳ ಮೇಲೆ ಬೀಳುವ ಭಾರ, ಗಾಳಿಗಳ ಲೆಕ್ಕಕ್ಕಿರುವ ಭಾರತೀಯ ಮಾನದಂಡ ಐಎಸ್ 875ರ ಪ್ರಕಾರ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಆ ಗಾಳಿ ಹಲಗೆಯನ್ನು ಐದು ಟನ್ನಿನಷ್ಟು ಬಲದಿಂದ ತಳ್ಳುತ್ತದೆ. ಬಟ್ಟೆ ತೆಗೆದರೆ ಅದರ ಬಹುಪಾಲು ಇಲ್ಲವಾಗುತ್ತದೆ. ನಂತರ ಕ್ರೇನಿನ ಸ್ಲಿಂಗ್ ಬಿಗಿದು, ಗ್ಯಾಸ್ ಕಟರಿನಿಂದ ಮೇಲಿನಿಂದ ತುಂಡುತುಂಡಾಗಿ ಇಳಿಸಬೇಕು, ಕಂಬ ಕೊನೆಗೆ. ಬುಡ ಮೊದಲು ಕತ್ತರಿಸುವುದು ಜೀವ ತೆಗೆಯುವ ಕೆಲಸ. 2018ರ ಅಕ್ಟೋಬರ್ 5ರಂದು ಪುಣೆಯಲ್ಲಿ ತೆರವು ನಡೆಯುತ್ತಿದ್ದಾಗಲೇ ಹೋರ್ಡಿಂಗ್ ರಸ್ತೆಗೆ ಬಿದ್ದು ಜನ ಸತ್ತರು. ರಾತ್ರಿ ಪಾಳಿ, ಎರಡೂ ಬದಿ ಬ್ಯಾರಿಕೇಡ್, ಸಂಚಾರ ಪೊಲೀಸರು ಇವನ್ನು ಅಂದಾಜಿನಲ್ಲಿ ಬರೆಯದಿದ್ದರೆ ಸ್ಥಳದಲ್ಲಿ ಸಿಗುವುದಿಲ್ಲ.

ಅಂದಾಜಿನಲ್ಲಿ ತಪ್ಪಿಹೋಗುವ ಇನ್ನೊಂದು ಬಾಬ್ತು ಅಡಿಪಾಯ. ಕಂಬ ಹೋದರೂ ಬೇಸ್‌ಪ್ಲೇಟ್, ಬೋಲ್ಟುಗಳು ಫುಟ್‌ಪಾತಿನಲ್ಲಿ ಎದ್ದು ನಿಲ್ಲುತ್ತವೆ, ಮುದುಕರು ಎಡವಿ ಬೀಳುತ್ತಾರೆ. ಕಾಂಕ್ರೀಟನ್ನು ಒಂದು ಅಡಿ ಆಳಕ್ಕೆ ಒಡೆದು, ಮುಚ್ಚಿ, ಕಲ್ಲು ಹಾಸುವವರೆಗೆ ಬಿಲ್ ಪಾಸು ಮಾಡಬೇಡಿ. ಗುಜರಿ ಕಬ್ಬಿಣ ಲಾರಿ ಏರಿದ ಕೂಡಲೇ ವೇಬ್ರಿಡ್ಜಿನ ತೂಕದ ಚೀಟಿ ಅದೇ ಕಡತಕ್ಕೆ ಸೇರಲಿ. ಹರಾಜಿನ ಹಣ ಕಳೆದ ಮೇಲೆ ಉಳಿಯುವುದೇ ನಿಜವಾದ ಖರ್ಚು.

ಇಷ್ಟಕ್ಕೆ ಬದಲಾಗಿ ಬರುವುದೇನು? 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಸೆರೆಯುಂಟು, ದಂಡ ಮಾತ್ರ 1,000 ರೂಪಾಯಿವರೆಗೆ. ಕ್ರೇನಿನ ಒಂದು ಪಾಳಿಗೂ ಅದು ಸಾಲದು. ಜಿಎಸ್‌ಟಿ ಬಂದ 2017ರಿಂದ ಜಾಹೀರಾತು ತೆರಿಗೆಯೂ ಕೈತಪ್ಪಿ, ಶುಲ್ಕ ಮತ್ತು ನೆಲಬಾಡಿಗೆ ಮಾತ್ರ ಉಳಿದಿವೆ. ಹೀಗಿರುವಾಗ ಖರ್ಚು ಮನೆ ತೆರಿಗೆ ಕಟ್ಟುವವರ ತಲೆಗೆ ಬರುವುದು ಅನ್ಯಾಯ. ಪರವಾನಗಿ ಕೊಡುವಾಗಲೇ ಪೂರ್ತಿ ತೆರವಿನ ಖರ್ಚನ್ನು ಠೇವಣಿ ಇರಿಸಿಕೊಳ್ಳಬೇಕು, ವರ್ಷಕ್ಕೊಮ್ಮೆ ಎಂಜಿನಿಯರರ ಸ್ಥಿರತೆ ಪ್ರಮಾಣಪತ್ರ ಕೇಳಬೇಕು. 2024ರ ಮೇ 13ರಂದು 17 ಜನರನ್ನು ಕೊಂದ ಮುಂಬೈ ಘಾಟ್ಕೋಪರಿನ ಹೋರ್ಡಿಂಗ್ 120×120 ಅಡಿ ಇತ್ತು; ಅಲ್ಲಿನ ಮಿತಿ 40×40. ಠೇವಣಿಯ ದರವನ್ನು ಹಳೆಯ ಕಡತಗಳ ಸರಾಸರಿಯ ಮೇಲೆ ಕಟ್ಟಿ, ಕ್ರೇನ್ ಟೆಂಡರ್ ಬದಲಾದಾಗಲೆಲ್ಲ ಪರಿಷ್ಕರಿಸಬೇಕು.