ಅಡುಗೆಮನೆಯ ಪ್ಯಾನೆಲ್ ಕತ್ತರಿಸಲು ಯಾವ ಗರಗಸ?

ಮುರಕಲ್ಲಿನ ಗೋಡೆಗೆ ಎಷ್ಟೇ ಗಾರೆ ಮೆತ್ತಿದರೂ ಅದು ನೂಲು ಹಿಡಿದಂತೆ ನೇರವಾಗಿರುವುದು ಅಪರೂಪ. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಹಳೆಯ ಮನೆಗಳಲ್ಲಿ ಹೊಸ ಕಪಾಟು ಕೂರಿಸಿದಾಗ ಪಕ್ಕದ ಪ್ಯಾನೆಲ್ ಮೇಲೆ ಗೋಡೆಗೆ ತಾಗಿ, ಕೆಳಗೆ ಬೆರಳು ತೂರುವಷ್ಟು ಬಾಯಿ ಬಿಡುವುದು ಇದರಿಂದಲೇ. ಇಷ್ಟು ಸಣ್ಣ ಕೆಲಸಕ್ಕೆ ಆಚಾರಿಗಳು ಸಿಗುವುದು ಕಷ್ಟ. ತಾಳ್ಮೆಯಿದ್ದರೆ ನಾವೇ ಮಾಡಿಕೊಳ್ಳಬಹುದು.

ಮೊದಲು ಎಷ್ಟು ತೆಗೆಯಬೇಕೆಂದು ಅಳೆಯಿರಿ. ಒಂದೆರಡು ಮಿಲಿಮೀಟರ್ ಮಾತ್ರವಾದರೆ ಗರಗಸವೇ ಬೇಡ, ಕೀಸುಳಿ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಗೆರೆ ನೇರವೋ ಡೊಂಕೋ ನೋಡಿ.

ನೇರ ಗೆರೆಗೆ ದುಂಡು ಬ್ಲೇಡ್ ತಿರುಗುವ ಸರ್ಕ್ಯುಲರ್ ಸಾ ಒಳ್ಳೆಯದು. ಆದರೆ ಯಂತ್ರದೊಂದಿಗೆ ಬರುವ 24 ಹಲ್ಲಿನ ಬ್ಲೇಡ್ ಒರಟು ಕೆಲಸದ್ದು. ಮೈಕಾ ಅಂಟಿಸಿದ 18 ಮಿ.ಮೀ. ಪ್ಲೈವುಡ್‌ಗೆ 7 ಇಂಚಿನ, 60 ಹಲ್ಲಿನ ಕಾರ್ಬೈಡ್ ಬ್ಲೇಡ್ ಕೇಳಿ ತನ್ನಿ. ಹಲ್ಲಿನ ತುದಿ ಪ್ಯಾನೆಲ್‌ನ ಕೆಳಗೆ ಅರ್ಧ ಸೆಂಟಿಮೀಟರ್‌ನಷ್ಟೇ ಇಣುಕುವಂತೆ ಆಳ ಹೊಂದಿಸಿ. ಅಲ್ಯೂಮಿನಿಯಂ ಪಟ್ಟಿಯೊಂದನ್ನು ಕ್ಲ್ಯಾಂಪ್‌ನಿಂದ ಬಿಗಿದು, ಅದಕ್ಕೆ ಒತ್ತಿಕೊಂಡೇ ಯಂತ್ರವನ್ನು ನಡೆಸಿ. ಬ್ಲೇಡ್ ತಿನ್ನುವ ಎರಡು-ಮೂರು ಮಿ.ಮೀ. ಬಿಸಾಡುವ ಭಾಗದ ಕಡೆಗೆ ಹೋಗಲಿ.

ಮನೆಯಲ್ಲಿರುವ ಮಾರ್ಬಲ್ ಕಟ್ಟರ್‌ಗೆ ಮರದ ಬ್ಲೇಡ್ ಸಿಕ್ಕಿಸಿ ಕೊಯ್ಯುವ ಅಭ್ಯಾಸ ನಮ್ಮಲ್ಲಿ ಧಾರಾಳವಾಗಿದೆ. ದಯವಿಟ್ಟು ಬೇಡ. ಅದರ ವೇಗ ವಿಪರೀತ, ಕೆಳಗೆ ತಾನಾಗಿ ಮುಚ್ಚಿಕೊಳ್ಳುವ ಕವಚವೂ ಇಲ್ಲ. ಬ್ಲೇಡ್ ಮರದಲ್ಲಿ ಸಿಕ್ಕಿಕೊಂಡರೆ ಯಂತ್ರ ಹಿಂದಕ್ಕೆ ಚಿಮ್ಮುವುದು ನಿಮ್ಮ ಕಡೆಗೇ.

ಗೋಡೆಯ ಡೊಂಕಿಗೆ ತಕ್ಕಂತೆ ಕೊಯ್ಯಲು, ಸಪೂರ ಬ್ಲೇಡ್ ಮೇಲೆ ಕೆಳಗೆ ಓಡುವ ಜಿಗ್‌ಸಾ ಬೇಕು. ತೂಗುಗುಂಡು ಹಿಡಿದು ಪ್ಯಾನೆಲನ್ನು ನೆಟ್ಟಗೆ ನಿಲ್ಲಿಸಿ. ಅತಿ ಅಗಲದ ಸಂದಿಯಷ್ಟೇ ದಪ್ಪದ ಮರದ ತುಂಡಿಗೆ ಪೆನ್ಸಿಲ್ ಒತ್ತಿ ಹಿಡಿದು, ತುಂಡನ್ನು ಗೋಡೆಗುಂಟ ಮೇಲಿನಿಂದ ಕೆಳಗೆ ಜಾರಿಸಿ. ಗೋಡೆಯ ಉಬ್ಬು ತಗ್ಗೆಲ್ಲ ಮೈಕಾದ ಮೇಲೆ ಗೆರೆಯಾಗಿ ಮೂಡುತ್ತದೆ. ಆ ಗೆರೆಯ ಮೇಲೆ ಚಾಕುವಿನಿಂದ ಒಮ್ಮೆ ಗೀರಿದರೆ ಅಂಚು ಸ್ವಚ್ಛವಾಗಿ ಬರುತ್ತದೆ.

ಹೆಚ್ಚಿನವರು ಕೆಡಿಸಿಕೊಳ್ಳುವುದು ಪ್ಯಾನೆಲ್ ಮಲಗಿಸುವಾಗ. ಹಲ್ಲು ಯಾವ ಮುಖದಿಂದ ಹೊರಬರುತ್ತದೋ ಆ ಮುಖದ ಮೈಕಾ ಚಕ್ಕೆ ಏಳುತ್ತದೆ. ಸರ್ಕ್ಯುಲರ್ ಸಾ ಮತ್ತು ಸಾಮಾನ್ಯ ಜಿಗ್‌ಸಾ ಬ್ಲೇಡ್ ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತವೆ, ಹಾಗಾಗಿ ಚಂದದ ಮುಖ ಕೆಳಗಿರಬೇಕು; ಗೆರೆಯನ್ನು ಹಿಂಬದಿಗೆ ದಾಟಿಸುವಾಗ ಎಡಬಲ ಅದಲುಬದಲಾಗುವುದನ್ನು ಮರೆಯಬೇಡಿ. ಕೆಳಮುಖ ಹಲ್ಲಿನ ಜಿಗ್‌ಸಾ ಬ್ಲೇಡ್ ಸಿಕ್ಕಿದರೆ ಈ ತಲೆನೋವಿಲ್ಲ, ಯಂತ್ರ ಮೇಲಕ್ಕೆ ಕುಪ್ಪಳಿಸದಂತೆ ತುಸು ಒತ್ತಿ ಹಿಡಿಯಬೇಕಷ್ಟೆ.

ಒಂದೇ ಒಂದು ಪಟ್ಟಿಗಾಗಿ ಯಂತ್ರ ಕೊಳ್ಳುವುದು ದಂಡ. ಇಂಚಿಗೆ 10ರಿಂದ 12 ಹಲ್ಲಿರುವ ಕೈಗರಗಸ ತಂದು, ಚಂದದ ಮುಖ ಮೇಲಿಟ್ಟು, ಗರಗಸವನ್ನು ಆದಷ್ಟು ಓರೆಯಾಗಿ ಮಲಗಿಸಿ ಕೊಯ್ಯಿರಿ. ಅಟ್ಟದಲ್ಲಿರುವ ಅಜ್ಜನ ಕಾಲದ ದೊಡ್ಡ ಹಲ್ಲಿನ ಗರಗಸ ಹಲಸಿನ ಹಲಗೆಗೆ ಸರಿ, ಮೈಕಾಕ್ಕಲ್ಲ.

ಕನ್ನಡಕ, ಮಾಸ್ಕ್ ಇರಲಿ. ಪ್ಲೈವುಡ್ ಹುಡಿ ಗಂಟಲಿಗೆ ಒಳ್ಳೆಯದಲ್ಲ.

ಕೊಯ್ದ ಅಂಚನ್ನು ಹಾಗೆಯೇ ಬಿಡಬೇಡಿ. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಕಾಸರಗೋಡಿನಲ್ಲಿ ಬರಿ ಅಂಚು ತೇವ ಕುಡಿಯದೆ ಇರದು. IS 710 ಮುದ್ರೆಯ, ಅಂದರೆ ಮೆರೈನ್ ದರ್ಜೆಯ ಪ್ಲೈವುಡ್‌ನ ಅಂಟು ಕುದಿಯುವ ನೀರನ್ನೂ ತಾಳಬಹುದು, ಆದರೆ ಒಳಗಿನ ಮರ ಉಬ್ಬುತ್ತದೆ. ಸ್ಯಾಂಡ್‌ಪೇಪರ್ ಉಜ್ಜಿ, ಎರಡು ಬಾರಿ ವಾರ್ನಿಶ್ ಬಳಿದು, ಒಣಗಿದ ಮೇಲೆ ಕೂರಿಸಿ. ಕೆಳಗಿನ ಅಂಚು ನೆಲಕ್ಕೆ ತಾಗದಂತೆ ಮೂರು ಮಿ.ಮೀ. ಬಿಟ್ಟು, ಆ ಸಂದಿಗೆ ಸಿಲಿಕೋನ್ ಸೀಲಂಟ್ ತುಂಬಿಸಿ.